ರಕ್ತದ ದೋಷದಲ್ಲಿ ರಕ್ಷಣೆಯನ್ನು ಕಂಡ ಹಾಲ್ಡೇನ್

ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಬಲಿ ತೆಗೆದುಕೊಳ್ಳುವ ಕಾಯಿಲೆಯ ವಂಶವಾಹಿ ತಲೆಮಾರುಗಳು ಕಳೆದಂತೆ ವಿರಳವಾಗಬೇಕು. ಆದರೆ ಮೆಡಿಟರೇನಿಯನ್ ತೀರದ ಜನರಲ್ಲಿ ಥಲಸ್ಸೇಮಿಯಾ ಹಾಗಾಗಲಿಲ್ಲ. ಈ ಒಗಟಿಗೆ ಉತ್ತರ ಸೂಚಿಸಿದವರು ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್.

ಹಾಲ್ಡೇನ್ 1892ರ ನವೆಂಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜನಿಸಿದರು. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಹೆಸರಾಂತ ಶರೀರಕ್ರಿಯಾ ವಿಜ್ಞಾನಿ. ಮಗ ಓದಿದ್ದು ಗಣಿತ ಹಾಗೂ ಪ್ರಾಚೀನ ಗ್ರೀಕ್, ಲ್ಯಾಟಿನ್ ಸಾಹಿತ್ಯ. ವಿಜ್ಞಾನದಲ್ಲಿ ಪದವಿಯಿಲ್ಲದಿದ್ದರೂ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಥಲಸ್ಸೇಮಿಯಾದ ವಂಶವಾಹಿ ಪದೇ ಪದೇ ಹೊಸದಾಗಿ ಹುಟ್ಟುತ್ತಿರಬೇಕೆಂಬ ವಾದ ಆಗ ಇತ್ತು. 1949ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಹಾಲ್ಡೇನ್ ಇದನ್ನು ಒಪ್ಪಲಿಲ್ಲ. ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದ ಮಗುವಿಗೆ ತೀವ್ರ ರಕ್ತಹೀನತೆ. ಒಬ್ಬರಿಂದ ಮಾತ್ರ ಬಂದರೆ ಕೆಂಪು ರಕ್ತಕಣಗಳು ಚಿಕ್ಕದಾಗುತ್ತವೆ, ಆರೋಗ್ಯ ಬಹುತೇಕ ಕೆಡದು. ಈ ಚಿಕ್ಕ ಕಣಗಳು ಮಲೇರಿಯಾ ರೋಗಾಣುವಿನ ದಾಳಿಯನ್ನು ಹೆಚ್ಚು ತಾಳಿಕೊಳ್ಳಬಹುದೆಂಬುದು ಅವರ ಊಹೆಯಾಗಿತ್ತು.

1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಇಂಥದೇ ಪುರಾವೆ ಒದಗಿಸಿದರು. ಅವರು ಅಧ್ಯಯನ ಮಾಡಿದ್ದು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ದೋಷವನ್ನು. ಆ ವಂಶವಾಹಿಯ ಒಂದೇ ಪ್ರತಿಯುಳ್ಳವರಲ್ಲಿ ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಕಡ್ಡಿಗಳಂತೆ ಜೋಡಣೆಗೊಂಡು, ಒಳಗಿನ ಪರಾವಲಂಬಿಯ ಬೆಳವಣಿಗೆ ಕುಂಠಿತವಾಗುತ್ತದೆ. ಸೋಂಕಿತ ಕಣಗಳನ್ನು ಗುಲ್ಮವೂ ಬೇಗ ತೆಗೆದುಹಾಕುತ್ತದೆ. ಮಲೇರಿಯಾ ಬಾರದೇ ಇರುವುದಿಲ್ಲ. ಆದರೆ ಅದು ಮಾರಣಾಂತಿಕವಾಗುವುದು ವಿರಳ.

 ರಕ್ತಕಣಕ್ಕೆ ನುಗ್ಗುವುದು ಸೊಳ್ಳೆಯಿಂದ ಬರುವ ಹಂತದ ರೋಗಾಣುವಲ್ಲ. ಅದು ಯಕೃತ್ತಿನಲ್ಲಿ ಬೆಳೆದ ಮೇಲೆ ಹೊರಬರುವ ಮುಂದಿನ ಹಂತ. ಹಾಲ್ಡೇನ್ ಊಹೆಯ ಮೂಲ ತತ್ವ ಉಳಿಯಿತು. ಒಂದು ಪ್ರತಿ ಅನೇಕರನ್ನು ಕಾಯುತ್ತದೆ. ಎರಡು ಪ್ರತಿ ಪಡೆದ ಕೆಲವು ಮಕ್ಕಳು ಅದರ ಬೆಲೆ ತೆರುತ್ತಾರೆ.

ಸೂಯೆಜ್ ಮೇಲಿನ ಬ್ರಿಟನ್ನಿನ ದಾಳಿಯನ್ನು ಖಂಡಿಸಿ 1957ರಲ್ಲಿ ಹಾಲ್ಡೇನ್ ಭಾರತಕ್ಕೆ ಬಂದರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡಿ, ಭಾರತದ ಪೌರತ್ವವನ್ನೂ ಪಡೆದರು. ನಂತರ ಭುವನೇಶ್ವರದಲ್ಲಿ ನೆಲೆಸಿದ ಅವರು 1964ರ ಡಿಸೆಂಬರ್ 1ರಂದು ಕ್ಯಾನ್ಸರ್‌ನಿಂದ ಅಲ್ಲಿಯೇ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ತಮ್ಮ ದೇಹವನ್ನೇ ಎಷ್ಟೋ ಪ್ರಯೋಗಗಳಿಗೆ ಒಡ್ಡಿಕೊಂಡಿದ್ದ ವಿಜ್ಞಾನಿ, ಕೊನೆಗೂ ಅದನ್ನು ಕಲಿಯುವವರಿಗೇ ಬಿಟ್ಟುಹೋದರು.