ಅಡಿಕೆ ತೋಟದ ಊರಿಗೆ ಕುರೋಸಾವಾನ ಸಿನಿಮಾ ತಂದ ಸುಬ್ಬಣ್ಣ

ಒಳ್ಳೆಯ ಸಾಕ್ಷ್ಯಚಿತ್ರ, ಕಥಾಚಿತ್ರ ನೋಡಬೇಕಂದ್ರೆ ಬೆಂಗಳೂರಿಗೇ ಹೋಗಬೇಕು ಅನ್ನುವ ಮಾತನ್ನು ಹೆಗ್ಗೋಡು ಐವತ್ತು ವರ್ಷದ ಹಿಂದೆಯೇ ಸುಳ್ಳು ಮಾಡಿತ್ತು. ಕೊಹಿನೂರಿನಂಥ ಊರುಗಳು ಆ ಕತೆಯನ್ನು ಈಗ ಮತ್ತೆ ಕೇಳಬೇಕಿದೆ.

ಬಸವಕಲ್ಯಾಣ ತಾಲೂಕಿನ ಕೊಹಿನೂರಿನಲ್ಲಿ ಕೂತು ಫೋನಿನಲ್ಲಿ ಯಾವ ದೇಶದ ಸಿನಿಮಾ ಬೇಕಾದರೂ ನೋಡಬಹುದು. ಆದರೆ ಊರಿನ ನಾಲ್ಕು ಜನ ಒಂದೇ ಪರದೆಯ ಮುಂದೆ ಕೂತು ನೋಡೋದು, ಲೈಟ್ ಹಾಕಿದ ಮೇಲೆ ಅದರ ಬಗ್ಗೆ ಜಗಳ ಆಡೋದು ಬೇರೆಯೇ ಮಾತು. ಕಲಾಕೇಂದ್ರವೊಂದರಲ್ಲಿ ಸಿನಿಮಾ ತೋರಿಸ್ತಾರೆ ಅಂದ ಕೂಡಲೇ ನೋಡೋರು ಯಾರು ಬರ್ತಾರೆ ಅಂತ ಕೇಳುವವರಿಗೆ ಕೆ.ವಿ. ಸುಬ್ಬಣ್ಣನವರ ಬದುಕೇ ಉತ್ತರ.

ಸುಬ್ಬಣ್ಣ ಹುಟ್ಟಿದ್ದು 1932ರಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕುವೆಂಪು ಅವರ ಶಿಷ್ಯ. ಡಿಗ್ರಿ ಮುಗಿಸಿ ನಗರದಲ್ಲಿ ನೌಕರಿ ಹಿಡಿಯಬಹುದಿತ್ತು. ಅವರು ಊರಿಗೆ ವಾಪಸ್ ಬಂದು ಅಡಿಕೆ ತೋಟ ನೋಡಿಕೊಂಡರು. ಹೆಗ್ಗೋಡಿನ ಗೆಳೆಯರು 1949ರಲ್ಲಿ ಕಟ್ಟಿದ್ದ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಅವರ ಕೈಯಲ್ಲಿ ನೀನಾಸಂ ಆಗಿ ಬೆಳೆಯಿತು. ಪುಸ್ತಕಗಳಿಗಾಗಿ ಅಕ್ಷರ ಪ್ರಕಾಶನ ಶುರು ಮಾಡಿದರು. ಶಿವರಾಮ ಕಾರಂತರ ಹೆಸರಿನಲ್ಲಿ ರಂಗಮಂದಿರ ಎದ್ದಿತು.

1973ರಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿತು. ಆಗ ಫಿಲ್ಮ್ ಸೊಸೈಟಿ ಅಂದರೆ ನಗರದ, ಇಂಗ್ಲಿಷ್ ಬಲ್ಲವರ ವ್ಯವಹಾರ. ಸುಬ್ಬಣ್ಣ ಅದನ್ನು ತಿರುಗಿಸಿ ಇಟ್ಟರು. ಸತ್ಯಜಿತ್ ರಾಯ್, ಜಪಾನಿನ ಕುರೋಸಾವಾ ಅವರ ಚಿತ್ರಗಳು ತೋಟದ ಕೆಲಸ ಮುಗಿಸಿ ಬಂದವರ ಮುಂದೆ ಓಡಿದವು. ಭಾಷೆ ತಿಳಿಯದಿದ್ದರೆ ಏನಾಯ್ತು, ಕನ್ನಡದಲ್ಲಿ ವಿವರಿಸಿದರೆ ಸಾಕು ಅನ್ನೋದು ಅವರ ಲೆಕ್ಕ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅವರನ್ನು ಕರೆಸಿ, ಸಿನಿಮಾ ನೋಡುವುದನ್ನೇ ಕಲಿಸುವ ರಸಗ್ರಹಣ ಶಿಬಿರ ನಡೆಸಿದರು. ಹಳ್ಳಿಯವರಿಗೆ ಇದು ಹಿಡಿಸೋದಿಲ್ಲ ಅಂತ ಪ್ರೇಕ್ಷಕರ ಪರವಾಗಿ ಬೇರೆ ಯಾರೋ ತೀರ್ಮಾನ ಮಾಡುವುದನ್ನು ಅವರು ಒಪ್ಪಲಿಲ್ಲ.

1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ನಾಟಕ ಹೊತ್ತು ಊರೂರು ಸುತ್ತುವ ತಿರುಗಾಟ ಬಂದವು. ಇವೆರಡರ ನಡುವೆ, ಫೋರ್ಡ್ ಫೌಂಡೇಶನ್ ನೆರವಿನ ಜನಸ್ಪಂದನ ಯೋಜನೆ ನಾಟಕ ಮತ್ತು ಚಿತ್ರಪ್ರದರ್ಶನವನ್ನು ರಾಜ್ಯದ ಹಳ್ಳಿಗಳಿಗೆ ಒಯ್ದಿತು. ಯೋಜನೆ ಕೆಲವೇ ವರ್ಷ ನಡೆಯಿತು. ಹೊರಗಿನ ಹಣ ಒಂದು ದಿನ ನಿಲ್ಲುತ್ತದೆ, ನೋಡುವ ಅಭ್ಯಾಸ ಊರಿನಲ್ಲೇ ಬೇರು ಬಿಡಬೇಕು. ಹೆಗ್ಗೋಡಿನಲ್ಲಿ ಬಿಟ್ಟಿತ್ತು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಹುಡುಕಿಕೊಂಡು ಬಂದದ್ದು ಆ ಊರಿಗೇ.

ಸುಬ್ಬಣ್ಣನವರಿಗೂ ನಮ್ಮ ಭಾಗಕ್ಕೂ ಒಂದು ನಂಟಿದೆ. ಅವರಿಗೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಪುಸ್ತಕ ಕವಿರಾಜಮಾರ್ಗದ ಕುರಿತದ್ದು. ಆ ಗ್ರಂಥ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ, ಅವರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ಲೋಕ ಒಂದೇ ಕೇಂದ್ರದ ಸುತ್ತ ಸುತ್ತುವುದಿಲ್ಲ, ಪ್ರತಿ ಊರೂ ಒಂದು ಕೇಂದ್ರ ಆಗಬಲ್ಲದು ಅನ್ನುವುದನ್ನು ಮಲೆನಾಡಿನ ಸುಬ್ಬಣ್ಣ ಬಾಳಿ ತೋರಿಸಿದರು. 2005ರ ಜುಲೈ 16ರಂದು ತೀರಿಕೊಂಡರು. ನೀನಾಸಂ ಇಂದಿಗೂ ನಡೆದಿದೆ.

ಕಲ್ಯಾಣದ ನೆಲಕ್ಕೆ ಕೂಡಿ ಕೂತು ಮಾತಾಡುವುದು ಹೊಸದೇನಲ್ಲ. ಅನುಭವ ಮಂಟಪದ ನೆನಪು ಇಲ್ಲಿ ಇನ್ನೂ ಇದೆ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಗಡಿ ಸೀಮೆ ಇದು. ಬೇರೆ ಭಾಷೆಯ ಚಿತ್ರ ಇಲ್ಲಿನವರಿಗೆ ಹೆಗ್ಗೋಡಿಗಿಂತಲೂ ಹತ್ತಿರ ಆದೀತು. ಬೇಕಾದದ್ದು ಶಾಲೆಯ ಒಂದು ಕೋಣೆ, ಒಂದು ಪ್ರೊಜೆಕ್ಟರ್, ತಿಂಗಳಿಗೊಂದು ಸಂಜೆ, ಮತ್ತು ಜನ ಕಡಿಮೆ ಬಂದರೂ ಬಾಗಿಲು ಹಾಕದ ಹಟ. ಆ ಹಟ ಯಾವ ಅನುದಾನದಲ್ಲೂ ಬರೋದಿಲ್ಲ, ಊರಿನವರೇ ಹಿಡಿಯಬೇಕು.