ಜಗತ್ತಿನ ಅತಿ ಶ್ರೀಮಂತನ ಗ್ಯಾರೇಜಿನಲ್ಲಿ ನಿಂತಲ್ಲೇ ತುಕ್ಕು ಹಿಡಿದ ಕಾರುಗಳು: ಇದು ಏಳನೇ ನಿಜಾಮರ ಕಥೆ

ಹೈದರಾಬಾದಿನ ಚಾರ್ಮಿನಾರ್ ನೋಡಿದವರು ಸ್ವಲ್ಪ ದೂರ ನಡೆದರೆ ಚೌಮಹಲ್ಲಾ ಅರಮನೆ ಸಿಗುತ್ತದೆ. ಅಲ್ಲಿ ಎಲ್ಲರ ಕಣ್ಣು ಹೋಗುವುದು ಹಳದಿ ಬಣ್ಣದ ಒಂದು ಕಾರಿನ ಮೇಲೆ. ಅದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್. ಹಿಂದಿನ ಸೀಟು ಸಿಂಹಾಸನದಂತೆ ಎತ್ತರವಾಗಿರುವುದರಿಂದ ಅದಕ್ಕೆ ಸಿಂಹಾಸನದ ಕಾರು ಎಂದೇ ಹೆಸರು. ನೂರು ವರ್ಷ ದಾಟಿದ ಈ ಕಾರು ತನ್ನ ಆಯುಷ್ಯದಲ್ಲಿ ಓಡಿದ್ದು ಬಹಳ ಕಡಿಮೆ. ಅದರ ಒಡೆಯ ಮಾತ್ರ ಒಂದು ಕಾಲಕ್ಕೆ ಜಗತ್ತಿನ ಅತಿ ಶ್ರೀಮಂತ ಎನಿಸಿಕೊಂಡಿದ್ದವರು. ಅವರೇ ಹೈದರಾಬಾದಿನ ಏಳನೇ ಮತ್ತು ಕೊನೆಯ ಆಳುವ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್.

ಅಪ್ಪ ಕೊಂಡ ಕಾರು, ಮಗನಿಗೆ ಬಂತು

ಉಸ್ಮಾನ್ ಅಲಿ ಖಾನ್ ಹುಟ್ಟಿದ್ದು 1886ರ ಏಪ್ರಿಲ್ 6ರಂದು. ತಂದೆ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಶೋಕಿಯ ಮನುಷ್ಯ. ಬಟ್ಟೆ, ಬೇಟೆ, ಕಾರು ಎಲ್ಲದರಲ್ಲೂ ಅವರಿಗೆ ಅದ್ದೂರಿಯೇ ಬೇಕಿತ್ತು. ಹಳದಿ ರೋಲ್ಸ್ ರಾಯ್ಸ್‌ಗೆ ಆರ್ಡರ್ ಕೊಟ್ಟಿದ್ದೂ ಅವರೇ. ಲಂಡನ್ನಿನ ಬಾರ್ಕರ್ ಕಂಪನಿ ಅದರ ಬಾಡಿ ಕಟ್ಟಿತು. ಆದರೆ ಕಾರು ಹೈದರಾಬಾದಿಗೆ ಬರುವ ಮೊದಲೇ, 1911ರ ಆಗಸ್ಟ್ 29ರಂದು ಮಹಬೂಬ್ ಅಲಿ ಖಾನ್ ತೀರಿಕೊಂಡರು. ಆಗ ಅವರಿಗೆ 45 ವರ್ಷ. ಗದ್ದುಗೆಯೂ ಕಾರೂ 25ರ ಹರೆಯದ ಮಗನ ಪಾಲಾದವು.

ಮಗನ ಸ್ವಭಾವ ತಂದೆಗೆ ತದ್ವಿರುದ್ಧ. 184 ಕ್ಯಾರೆಟ್ ಮೀರಿದ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಇಡಲು ಬಳಸುತ್ತಿದ್ದರು ಎಂಬ ಕಥೆ ಇಂದಿಗೂ ಜನಜನಿತ. 1937ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆ ಅವರನ್ನು ಜಗತ್ತಿನ ಅತಿ ಶ್ರೀಮಂತ ಎಂದು ಮುಖಪುಟದಲ್ಲಿ ಹಾಕಿತು. ಆದರೆ ಅವರು ತೊಡುತ್ತಿದ್ದುದು ಮಾಸಿದ ಶೇರ್ವಾನಿ, ತಲೆಗೆ ಹಳೆಯ ಟೋಪಿ.

ನಿಂತ ಕಾರಿಗೆ ಏನಾಗುತ್ತದೆ?

ಸಿಲ್ವರ್ ಘೋಸ್ಟ್ ಕಾಲದ ಕಾರುಗಳ ಮುಂಭಾಗದಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಗಟ್ಟಿ ಉಕ್ಕಿನ ಆಕ್ಸಲ್ ಇರುತ್ತಿತ್ತು. ಅದರ ಭಾರ ಹೊರುವುದು ಲೀಫ್ ಸ್ಪ್ರಿಂಗ್. ಆಕ್ಸಲ್‌ನ ಎರಡೂ ತುದಿಯಲ್ಲಿ ಕಿಂಗ್ ಪಿನ್ ಎಂಬ ಗೂಟ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವುದು ಇದರ ಸುತ್ತಲೇ. ಈ ಕೀಲುಗಳಿಗೆ ಗ್ರೀಸೇ ಜೀವಾಳ.

ಕಾರು ಓಡುತ್ತಿದ್ದು, ಆಗಾಗ ಹೊಸ ಗ್ರೀಸ್ ಬೀಳುತ್ತಿದ್ದರೆ ಕೀಲು ಚೆನ್ನಾಗಿರುತ್ತದೆ. ವರ್ಷಗಟ್ಟಲೆ ನಿಂತರೆ ಗ್ರೀಸ್ ಒಣಗಿ ಮೇಣದಂತಾಗುತ್ತದೆ. ತೇವ ಒಳಸೇರಿ ಪಿನ್ನಿನ ಮೇಲೆ ತುಕ್ಕಿನ ಗುಳಿ ಬೀಳುತ್ತದೆ. ಆಮೇಲೆ ಸ್ಟೀರಿಂಗ್ ತಿರುಗಿಸಿದರೆ ಬುಷ್ ಸವೆದು, ಚಕ್ರಕ್ಕೆ ಪ್ಲೇ ಬರುತ್ತದೆ. ಇಂಥ ಕಾರಿಗೆ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ಲೇತ್ ಮೇಲೆ ಹೊಸ ಪಿನ್ ಕಡೆದು, ಹೊಸ ಬುಷ್ ಕೂರಿಸಿ, ಕೂದಲೆಳೆಯ ಅಂತರದಲ್ಲಿ ಹೊಂದಿಸಬೇಕು.

1950ರ ದಶಕದಲ್ಲಿ ಅಮೆರಿಕದ ಕಾರುಗಳಲ್ಲಿ ಕಿಂಗ್ ಪಿನ್ ಜಾಗಕ್ಕೆ ಬಾಲ್ ಜಾಯಿಂಟ್ ಬಂತು. ಬಟ್ಟಲಿನೊಳಗೆ ಕೂತ ಉಕ್ಕಿನ ಗುಂಡು ಅದು. ಚಕ್ರ ಮೇಲೆ ಕೆಳಗೆ ಆಡುವುದಕ್ಕೂ ಅಕ್ಕಪಕ್ಕ ಹೊರಳುವುದಕ್ಕೂ ಅದೇ ಸಾಕು. ಆದರೆ ಮೇಲಿನ ರಬ್ಬರ್ ಹರಿದು ಧೂಳು, ನೀರು ಒಳಗೆ ಹೋದರೆ ಅದೂ ಉಳಿಯುವುದಿಲ್ಲ. ಬದಲಿಸುವಾಗ ಕೆಳಗಿನ ತೋಳಿಗೆ ಜಾಕ್ ಕೊಟ್ಟಿರಲೇಬೇಕು. ಇಲ್ಲದಿದ್ದರೆ ಒತ್ತಿ ಕೂತ ಕಾಯಿಲ್ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಕುತ್ತು. ಕೀಲು ಪೂರ್ತಿ ಕಳಚಿದರಂತೂ ಓಡುವ ಕಾರಿನ ಚಕ್ರವೇ ಮಡಚಿಕೊಳ್ಳುತ್ತದೆ.

ಅರಮನೆ ಕಾರು ನಿಂತಿತು, ಜನರ ಬಸ್ ಓಡಿತು

ನಿಜಾಮರ ರಾಜ್ಯದಲ್ಲಿ ನಿಲ್ಲದೆ ಓಡಿದ ಗಾಡಿಗಳೂ ಇದ್ದವು. 1932ರ ಜೂನ್‌ನಲ್ಲಿ ನಿಜಾಮ್ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. ಆಗ ಇದ್ದದ್ದು 27 ಬಸ್, 166 ಸಿಬ್ಬಂದಿ. ದಿನವೂ ರಸ್ತೆಗಿಳಿಯುವ ಬಸ್ಸಿಗೆ ದಿನವೂ ಆರೈಕೆ ಬೇಕು. ಇಂದಿನ ತೆಲಂಗಾಣ, ಆಂಧ್ರದ ಸರ್ಕಾರಿ ಸಾರಿಗೆಯ ಬೇರು ಇರುವುದು ಈ 27 ಬಸ್ಸುಗಳಲ್ಲೇ.

ಉಸ್ಮಾನಿಯಾ ವಿಶ್ವವಿದ್ಯಾಲಯ, ಉಸ್ಮಾನಿಯಾ ಆಸ್ಪತ್ರೆ, ಹೈಕೋರ್ಟ್ ಕಟ್ಟಡ ಎಲ್ಲವೂ ಇದೇ ಆಳ್ವಿಕೆಯವು. 1908ರ ಮೂಸಿ ಪ್ರವಾಹದ ನಂತರ ನಮ್ಮ ಸರ್ ಎಂ. ವಿಶ್ವೇಶ್ವರಯ್ಯ ಕೊಟ್ಟ ಯೋಜನೆಯಂತೆ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಜಲಾಶಯಗಳೂ ತಲೆ ಎತ್ತಿದವು.

ಆದರೆ ಕನ್ನಡಿಗರ ನೆನಪು ಇಷ್ಟಕ್ಕೇ ನಿಲ್ಲುವುದಿಲ್ಲ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಜಿಲ್ಲೆಗಳು. ಜನರ ಮಾತು ಕನ್ನಡ, ಆಡಳಿತದ ಭಾಷೆ ಉರ್ದು. 1947ರಲ್ಲಿ ನಿಜಾಮರು ಭಾರತಕ್ಕೆ ಸೇರಲು ಒಪ್ಪಲಿಲ್ಲ. ರಜಾಕಾರರ ಹಾವಳಿಗೆ ಹಳ್ಳಿಗಳು ನಲುಗಿದವು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳನುಗ್ಗಿತು, 17ಕ್ಕೆ ನಿಜಾಮರು ಶರಣಾದರು. ಕಲ್ಯಾಣ ಕರ್ನಾಟಕದಲ್ಲಿ ಇಂದಿಗೂ ಆ ದಿನ ವಿಮೋಚನಾ ದಿನ. 1950ರಿಂದ 1956ರವರೆಗೆ ನಿಜಾಮರು ರಾಜಪ್ರಮುಖರಾಗಿದ್ದರು. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಬಂತು.

ಮೊಮ್ಮಗನಿಗೆ ಸಿಕ್ಕ ಆಸ್ತಿ

ಅಧಿಕಾರ ಹೋದ ಮೇಲೆ ಉಸ್ಮಾನ್ ಅಲಿ ಖಾನ್ ಕಿಂಗ್ ಕೋಠಿ ಅರಮನೆಯಲ್ಲೇ ಉಳಿದರು. ಚಿನ್ನದ ಗಟ್ಟಿ ತುಂಬಿದ ಲಾರಿಗಳು ಅದರ ಆವರಣದಲ್ಲಿ ಭಾರಕ್ಕೆ ಆಕ್ಸಲ್‌ವರೆಗೂ ನೆಲದಲ್ಲಿ ಹೂತು ನಿಂತಿದ್ದವು ಎಂಬ ಕಥೆ ಪುಸ್ತಕಗಳಲ್ಲಿ ಬಂದಿದೆ. ಅದು ಎಷ್ಟು ನಿಜವೋ, ಗ್ಯಾರೇಜಿನ ಕಾರುಗಳ ಪಾಡಂತೂ ಹಾಗೆಯೇ ಆಗಿತ್ತು. 1967ರ ಫೆಬ್ರವರಿ 24ರಂದು ಅವರು ನಿಧನರಾದರು. ಅರಮನೆಯ ಎದುರಿನ ಜೂದಿ ಮಸೀದಿಯಲ್ಲಿ ತಾಯಿಯ ಪಕ್ಕದಲ್ಲೇ ಸಮಾಧಿಯಾಯಿತು.

ಉತ್ತರಾಧಿಕಾರಿಯಾದ ಮೊಮ್ಮಗ ಮುಕರ್ರಂ ಜಾ ಅವರಿಗೆ ಸಿಕ್ಕಿದ್ದು ಸಾವಿರಾರು ಸಿಬ್ಬಂದಿ, ಮುಗಿಯದ ಕೋರ್ಟ್ ವ್ಯಾಜ್ಯ ಮತ್ತು ಸಾಲು ಕಾರು. ಓಡುವ ಸ್ಥಿತಿಯಲ್ಲಿದ್ದವು ಬೆರಳೆಣಿಕೆಯಷ್ಟು. ವಿಚಿತ್ರವೆಂದರೆ, ಮುಕರ್ರಂ ಜಾ ಅವರಿಗೆ ಕೈಗೆ ಗ್ರೀಸ್ ಮೆತ್ತಿಕೊಂಡು ಎಂಜಿನ್ ಬಿಚ್ಚುವುದೆಂದರೆ ಪ್ರಾಣ. ಆದರೆ ವ್ಯಾಜ್ಯಗಳಿಂದ ಬೇಸತ್ತು ಅವರು ಆಸ್ಟ್ರೇಲಿಯಾದ ಕುರಿ ಫಾರಂ ಸೇರಿದರು. ಇತ್ತ ಅರಮನೆಗಳು ಬೀಗ ಹಾಕಿಕೊಂಡು ಹಾಳಾದವು.

ಪರಿಸ್ಥಿತಿ ಬದಲಾಗಿದ್ದು ಮುಕರ್ರಂ ಜಾ ಅವರ ಮೊದಲ ಪತ್ನಿ ರಾಜಕುಮಾರಿ ಎಸ್ರಾ ಮರಳಿ ಬಂದ ಮೇಲೆ. ಅವರ ಮುತುವರ್ಜಿಯಲ್ಲಿ ಚೌಮಹಲ್ಲಾ ದುರಸ್ತಿಯಾಗಿ 2005ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 2010ರಲ್ಲಿ ಯುನೆಸ್ಕೋ ಗೌರವವೂ ಸಂದಿತು. ಹಳದಿ ರೋಲ್ಸ್ ರಾಯ್ಸ್ ಕೂಡ ಮತ್ತೆ ಹೊಳಪು ಪಡೆಯಿತು.

ಶುಕ್ರವಾರ ಬಿಟ್ಟು ಉಳಿದ ದಿನ ಅರಮನೆ ತೆರೆದಿರುತ್ತದೆ. ಹೋದಾಗ ಕಾರಿನ ಬೆಳ್ಳಿ, ಬಂಗಾರದ ಕೆಲಸ ನೋಡಿ ಮುಗಿದ ಮೇಲೆ ಸ್ವಲ್ಪ ಬಗ್ಗಿ ಮುಂದಿನ ಆಕ್ಸಲ್ ಕಡೆಗೂ ಕಣ್ಣು ಹಾಯಿಸಿ. ಸಿಂಹಾಸನ ಹೊತ್ತು ಸಾಗಬೇಕಿದ್ದದ್ದು ಆ ಎರಡು ಪುಟ್ಟ ಕೀಲುಗಳ ಮೇಲೆ.