ಮಾರ್ಕ್ ಟ್ವೇನ್: ಸಾಮ್ರಾಜ್ಯಶಾಹಿ ವಿರೋಧದ ಹಾದಿ

ಮಾರ್ಕ್ ಟ್ವೇನ್ ಎಂದೊಡನೆ ಟಾಮ್ ಸಾಯರ್, ಹಕಲ್‌ಬೆರಿ ಫಿನ್‌ರ ತುಂಟತನವೂ ಮಿಸಿಸಿಪಿ ನದಿಯೂ ಓದುಗರ ಕಣ್ಮುಂದೆ ಬರುತ್ತವೆ. ಈ ಹಾಸ್ಯಲೇಖಕ ಬದುಕಿನ ಕೊನೆಯ ದಶಕದಲ್ಲಿ ಅಮೆರಿಕದ ಸಾಮ್ರಾಜ್ಯಶಾಹಿಯ ವಿರುದ್ಧ ಬಹಿರಂಗವಾಗಿ ನಿಂತ ಸಂಗತಿ ಅಷ್ಟಾಗಿ ಪರಿಚಿತವಲ್ಲ. ಆ ನಿಲುವು ಆತನಿಗೆ ಸಹಜವಾಗಿ ಒದಗಿದ್ದಲ್ಲ. ತನ್ನ ಹಿಂದಿನ ಅಭಿಪ್ರಾಯಗಳನ್ನು ತಾನೇ ಕೈಬಿಡುತ್ತ ಬಂದುದರ ಫಲ.

ಟ್ವೇನ್‌ನ ನಿಜನಾಮ ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಮಿಸೌರಿ ರಾಜ್ಯದ ಫ್ಲಾರಿಡಾ ಎಂಬ ಹಳ್ಳಿಯಲ್ಲಿ ಜನಿಸಿದ ಆತ ಬೆಳೆದದ್ದು ಹ್ಯಾನಿಬಲ್ ಎಂಬ ನದೀತೀರದ ಪಟ್ಟಣದಲ್ಲಿ. ಗುಲಾಮಗಿರಿ ಕಾನೂನುಬದ್ಧವಾಗಿದ್ದ ಆ ಪ್ರಾಂತದಲ್ಲಿ ಅದನ್ನು ಪ್ರಶ್ನಿಸುವವರು ವಿರಳ. ಆತನ ಮನೆಯಲ್ಲೂ ಗುಲಾಮರಿದ್ದರು. 1847ರಲ್ಲಿ ತಂದೆ ತೀರಿಕೊಂಡ ಬಳಿಕ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ ಕಲಿತು, ಮುಂದೆ ಉಗಿದೋಣಿಯ ಚಾಲಕನಾದ. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ದಕ್ಷಿಣದ ಪರವಾದ ದಂಡೊಂದರಲ್ಲಿ ಕೆಲವು ದಿನಗಳಿದ್ದು, ಅದನ್ನು ತೊರೆದು ನೆವಾಡಕ್ಕೆ ತೆರಳಿ ಪತ್ರಕರ್ತನಾದ. 1866ರಲ್ಲಿ ಹವಾಯಿ ದ್ವೀಪಗಳಿಂದ ಬರೆದ ವರದಿಗಳಲ್ಲಿ ಅಲ್ಲಿನ ಸಕ್ಕರೆ ಉದ್ಯಮದಿಂದ ಅಮೆರಿಕಕ್ಕೆ ದೊರೆಯಬಹುದಾದ ಲಾಭವನ್ನು ಉತ್ಸಾಹದಿಂದ ವಿವರಿಸಿದ.

ತನ್ನ ಪ್ರಕಾಶನ ಸಂಸ್ಥೆ ಮುಳುಗಿ 1894ರಲ್ಲಿ ದಿವಾಳಿಯಾದ ಟ್ವೇನ್, ಸಾಲ ತೀರಿಸಲು ಮರುವರ್ಷ ವಿಶ್ವ ಉಪನ್ಯಾಸ ಪ್ರವಾಸ ಕೈಗೊಂಡು 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದ. ಅಲ್ಲಿನ ಹೋಟೆಲಿನಲ್ಲಿ ಯುರೋಪಿಯನನೊಬ್ಬ ಭಾರತೀಯ ಸೇವಕನಿಗೆ ಹೊಡೆದುದನ್ನು ಕಂಡಾಗ, ಬಾಲ್ಯದಲ್ಲಿ ಗುಲಾಮರಿಗೆ ಬೀಳುತ್ತಿದ್ದ ಏಟುಗಳು ಆತನ ನೆನಪಿಗೆ ಮರಳಿದವು. ಈ ಪ್ರಸಂಗ 1897ರ ‘ಫಾಲೋಯಿಂಗ್ ದಿ ಇಕ್ವೇಟರ್’ ಕೃತಿಯಲ್ಲಿದೆ. ಆಸ್ಟ್ರೇಲಿಯದ ಮೂಲನಿವಾಸಿಗಳ ಮೇಲೆ ಬಿಳಿಯರು ನಡೆಸಿದ ಹಿಂಸೆಯನ್ನು ಖಂಡಿಸುವ ಅದೇ ಕೃತಿ ಭಾರತದಲ್ಲಿನ ಬ್ರಿಟಿಷ್ ಆಡಳಿತವನ್ನು ಮೆಚ್ಚುತ್ತದೆ. ಗುಲಾಮಗಿರಿಗೂ ವಸಾಹತು ಆಳ್ವಿಕೆಗೂ ಇರುವ ನಂಟು ಆತನಿಗೆ ಹೊಳೆದಿತ್ತು. ಅದರ ರಾಜಕೀಯ ಅರ್ಥ ಇನ್ನೂ ಸ್ಪಷ್ಟವಾಗಿರಲಿಲ್ಲ.

1898ರಲ್ಲಿ ಅಮೆರಿಕ ಸ್ಪೇನಿನ ಮೇಲೆ ಯುದ್ಧ ಹೂಡಿದಾಗ ಅದು ಕ್ಯೂಬಾದ ಬಿಡುಗಡೆಗಾಗಿ ಎಂದು ನಂಬಿ ಟ್ವೇನ್ ಸಮರ್ಥಿಸಿದ. ಆದರೆ ಅದೇ ವರ್ಷದ ಪ್ಯಾರಿಸ್ ಒಪ್ಪಂದದ ಮೂಲಕ ಅಮೆರಿಕ 2 ಕೋಟಿ ಡಾಲರ್ ತೆತ್ತು ಫಿಲಿಪ್ಪೀನ್ಸನ್ನು ತನ್ನದಾಗಿಸಿಕೊಂಡಿತು. ಸ್ವಾತಂತ್ರ್ಯ ಬಯಸಿದ ಅಲ್ಲಿನ ಜನರೊಡನೆ 1899ರಲ್ಲಿ ಯುದ್ಧಕ್ಕಿಳಿಯಿತು. ಒಪ್ಪಂದವನ್ನು ಓದಿದ ಟ್ವೇನ್‌ನ ಅಭಿಪ್ರಾಯ ಬದಲಾಯಿತು. 1900ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹಿಂದಿರುಗಿದಾಗ ತಾನು ಸಾಮ್ರಾಜ್ಯಶಾಹಿಯ ವಿರೋಧಿಯೆಂದು ಪತ್ರಕರ್ತರೆದುರು ಸಾರಿದ. 1898ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ್ದ ಸಾಮ್ರಾಜ್ಯಶಾಹಿ ವಿರೋಧಿ ಸಂಘಟನೆಗೆ 1901ರಲ್ಲಿ ಉಪಾಧ್ಯಕ್ಷನಾಗಿ ಕೊನೆಯವರೆಗೂ ಹಾಗೆಯೇ ಉಳಿದ. ಆತನ ಸ್ನೇಹಿತ, ಕಾದಂಬರಿಕಾರ ವಿಲಿಯಂ ಡೀನ್ ಹೊವೆಲ್ಸ್ ಕೂಡ ಈ ಸಂಘಟನೆಯಲ್ಲಿದ್ದ.

1901ರ ಫೆಬ್ರವರಿಯಲ್ಲಿ ‘ನಾರ್ತ್ ಅಮೆರಿಕನ್ ರಿವ್ಯೂ’ ಪ್ರಕಟಿಸಿದ ‘ಟು ದ ಪರ್ಸನ್ ಸಿಟಿಂಗ್ ಇನ್ ಡಾರ್ಕ್‌ನೆಸ್’ ಲೇಖನ ಫಿಲಿಪ್ಪೀನ್ಸ್ ಯುದ್ಧವನ್ನೂ, ಚೀನಾದಲ್ಲಿ ಪರಿಹಾರಧನ ವಸೂಲಿ ಮಾಡಿದ ಮಿಷನರಿಗಳನ್ನೂ ವಿಡಂಬಿಸಿತು. ನಾಗರಿಕತೆಯನ್ನು ವ್ಯಾಪಾರದ ಸರಕಾಗಿ ಚಿತ್ರಿಸುವ ಈ ಲೇಖನಕ್ಕೆ ತೀವ್ರ ಪ್ರತಿರೋಧ ಬಂದಿತು. ಟ್ವೇನ್ ಹಿಂದೆಗೆಯದೆ ಏಪ್ರಿಲ್‌ನಲ್ಲಿ ಉತ್ತರವನ್ನೂ ಪ್ರಕಟಿಸಿದ. 1905ರ ‘ಕಿಂಗ್ ಲಿಯೊಪೋಲ್ಡ್ಸ್ ಸೊಲಿಲೊಕ್ವಿ’ ಕಾಂಗೋದಲ್ಲಿ ಬೆಲ್ಜಿಯಂ ದೊರೆ ನಡೆಸುತ್ತಿದ್ದ ಕ್ರೌರ್ಯವನ್ನು ಆ ದೊರೆಯ ಸ್ವಗತದ ರೂಪದಲ್ಲೇ ಬಯಲಿಗೆಳೆಯಿತು.

ಈ ಧೈರ್ಯಕ್ಕೂ ಮಿತಿಯಿತ್ತು. ಯುದ್ಧೋನ್ಮಾದವನ್ನು ಕುರಿತ ‘ದ ವಾರ್ ಪ್ರೇಯರ್’ ಅನ್ನು 1905ರಲ್ಲಿ ಪತ್ರಿಕೆಯೊಂದು ತಿರಸ್ಕರಿಸಿದಾಗ ಟ್ವೇನ್ ಅದನ್ನು ಬದಿಗಿರಿಸಿದ; ಅದು ಅಚ್ಚಾದದ್ದು 1923ರಲ್ಲಿ. 1906ರಲ್ಲಿ ಅಮೆರಿಕದ ಸೈನ್ಯ ಜೋಲೋ ದ್ವೀಪದಲ್ಲಿ ಮಹಿಳೆಯರು, ಮಕ್ಕಳೂ ಸೇರಿದಂತೆ ನೂರಾರು ಮೋರೋ ಜನರನ್ನು ಕೊಂದುದರ ಬಗೆಗಿನ ಬರಹವೂ ಆತನ ಜೀವಿತಕಾಲದಲ್ಲಿ ಹೊರಬರಲಿಲ್ಲ. 1910ರ ಏಪ್ರಿಲ್ 21ರಂದು ಟ್ವೇನ್ ನಿಧನನಾದ. ಈ ವಿಷಯದ ಬರಹಗಳನ್ನು ಜಿಮ್ ಜ್ವಿಕ್ ಒಂದೆಡೆ ಸಂಪಾದಿಸಿ ತಂದದ್ದು 1992ರಲ್ಲಿ. ಹಾಸ್ಯಲೇಖಕನ ಜನಪ್ರಿಯ ಚಿತ್ರ ಅಷ್ಟು ದೀರ್ಘಕಾಲ ಅಬಾಧಿತವಾಗಿ ಉಳಿದುದಕ್ಕೆ ಲೇಖಕನ ಮೌನವೂ ಸ್ವಲ್ಪ ಮಟ್ಟಿಗೆ ಕಾರಣ. ಆತನ ಕೊನೆಯ ದಶಕವನ್ನು ಮೌಲ್ಯಮಾಪನ ಮಾಡುವಾಗ ಪ್ರಕಟಿಸಿದ ಬರಹಗಳೊಡನೆ ತಡೆಹಿಡಿದ ಬರಹಗಳನ್ನೂ ಇಟ್ಟು ನೋಡುವುದು ಅಗತ್ಯ.